ಹಡಪಸರದ ತೋಟ, ಪುಣೆಯ ಕ್ಯಾಂಪು

ಸೋಲಾಪುರ ರಸ್ತೆಯಲ್ಲಿ ಪುಣೆ ದಾಟುವವರಿಗೆ ಇಂದಿನ ಹಡಪಸರ ಕಾಣುವುದು ಮೇಲ್ಸೇತುವೆ, ಕಾರ್ಖಾನೆ ಮತ್ತು ಐ.ಟಿ. ಕಟ್ಟಡಗಳ ರೂಪದಲ್ಲಿ. 1897ರಲ್ಲಿ ಅದು ಪೇಟೆಯಿಂದ ದೂರದ ಹಳ್ಳಿ, ಸುತ್ತ ನೀರಾವರಿ ತೋಟಗಳು. ಅಂಥ ತೋಟಗಳಲ್ಲೊಂದಾದ ಸಾಸಾಣೆ ಮಳಾದಲ್ಲಿ ಆ ವರ್ಷ ಪ್ಲೇಗಿನವರಿಗಾಗಿ ಒಂದು ಚಿಕ್ಕ ಆಸ್ಪತ್ರೆ ನಡೆಯಿತು. ನಡೆಸಿದವರು ಸಾವಿತ್ರಿಬಾಯಿ ಫುಲೆ ಮತ್ತು ಅವರ ದತ್ತುಮಗ, ಸೇನೆಯಲ್ಲಿ ವೈದ್ಯನಾಗಿದ್ದ ಯಶವಂತ. ಪತಿ ಜೋತಿಬಾ ತೀರಿಕೊಂಡು ಆಗಲೇ ಆರು ವರ್ಷ ಕಳೆದಿತ್ತು. ಸಾವಿತ್ರಿಬಾಯಿಗೆ ವಯಸ್ಸು 66.

ಪುಣೆ ಹೊರವಲಯದ ಮುಂಢವಾ ಹಳ್ಳಿಯ ಮಹಾರ ಕೇರಿಯಲ್ಲಿ ಪಾಂಡುರಂಗ ಬಾಬಾಜಿ ಗಾಯಕವಾಡ ಎಂಬವರ ಮಗನಿಗೆ ಗಡ್ಡೆ ಎದ್ದಿತ್ತು. ಸಾವಿತ್ರಿಬಾಯಿ ಹುಡುಗನನ್ನು ಬೆನ್ನಿಗೆ ಹೊತ್ತು ಆಸ್ಪತ್ರೆಗೆ ತಂದರು. ರೋಗ ಅವರಿಗೂ ತಗುಲಿತು. ಮಾರ್ಚ್ 10ರಂದು ತೀರಿಕೊಂಡರು.

ಅದಾಗಿ ಮೂರೇ ದಿನಕ್ಕೆ, ಮಾರ್ಚ್ 13ರಂದು, ಪುಣೆಯ ಪೇಟೆಗಳಲ್ಲಿ ಗೋರಾ ಸಿಪಾಯಿಗಳ ಮನೆಶೋಧ ಶುರುವಾಯಿತು.

ಮುಂಬಯಿಯ ಮಾಂಡವಿಯಲ್ಲಿ 1896ರ ಸೆಪ್ಟೆಂಬರಿನಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗ ಕಾಯ್ದೆ ತಂದಿತು, ಬಳಿಕ ಪುಣೆಯ ಪ್ಲೇಗು ಸಮಿತಿಯನ್ನು ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಕೈಗೆ ಕೊಟ್ಟಿತು. ಅವನ ಕ್ರಮದ ತಿರುಳು ‘ಸೆಗ್ರಿಗೇಶನ್’, ಅಂದರೆ ಬೇರ್ಪಡಿಸಿ ಇಡುವುದು. ರೋಗಿ ಆಸ್ಪತ್ರೆಗೆ, ಮನೆಯವರು ಬೇರೆಯೇ ಕ್ಯಾಂಪಿಗೆ, ಸಾಮಾನು ಬೆಂಕಿಗೆ. ಒಂದೇ ಬೆಳಗಿನಲ್ಲಿ ಕುಟುಂಬ ಎರಡು ಹೋಳಾಗುತ್ತಿತ್ತು. ಸಿಪಾಯಿಗಳು ಅಡುಗೆಮನೆ, ದೇವರಮನೆಗೆ ನುಗ್ಗಿದ್ದು, ಹೆಂಗಸರ ಮೈ ತಪಾಸಣೆಯಾದದ್ದು ಜನರನ್ನು ಕೆರಳಿಸಿತು. ರೋಗಿ ಕೊನೆಗಳಿಗೆಯಲ್ಲಿ ತನ್ನವರಿಲ್ಲದೆ ಸಾಯಬೇಕಾಗಬಹುದು ಎಂಬ ಭಯವೂ ಅದರೊಂದಿಗಿತ್ತು. ಜನ ಜ್ವರ ಬಂದವರನ್ನು ಅಟ್ಟದ ಮೇಲೆ, ಪೆಟ್ಟಿಗೆಗಳ ಹಿಂದೆ ಬಚ್ಚಿಟ್ಟರು.

ಸರ್ಕಾರದ ಪ್ಲೇಗು ಆಸ್ಪತ್ರೆಯ ಒಳಗಿನ ಸ್ಥಿತಿಯ ಬಗ್ಗೆ ಆ ಮೇ ತಿಂಗಳಲ್ಲಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬಹಿರಂಗವಾಗಿ ಬರೆದವರು ಪಂಡಿತಾ ರಮಾಬಾಯಿ. ಕಾರ್ಕಳ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಮ್ಮ ಆಶ್ರಯದಲ್ಲಿದ್ದ ಹುಡುಗಿಯೊಬ್ಬಳನ್ನು ಒಯ್ದ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ಸುರಕ್ಷತೆ ಇಲ್ಲವೆಂಬುದು ಅವರ ದೂರು. ಸರ್ಕಾರ ಅಲ್ಲಗಳೆಯಿತು. ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಈ ಕ್ರಮಗಳಿಂದ ಕೆರಳಿದ್ದ ಚಾಪೇಕರ ಸಹೋದರರ ಗುಂಡು ರ‍್ಯಾಂಡ್‌ಗೆ ತಗುಲಿತು. ಜುಲೈ 3ರಂದು ಅವನು ಸತ್ತ.

ಹಾಗಾದರೆ ರೋಗಿಯನ್ನು ದೂರ ಇಡುವುದನ್ನೇ ಜನ ವಿರೋಧಿಸಿದರೆ? ಹಾಗೇನೂ ಇಲ್ಲ. ಬಾಲಗಂಗಾಧರ ಟಿಳಕರೇ ಪುಣೆಯಲ್ಲಿ ಹಿಂದೂ ಪ್ಲೇಗು ಆಸ್ಪತ್ರೆ ತೆರೆಸಿದರು. ಹಡಪಸರದ ಆಸ್ಪತ್ರೆಯೂ ಊರಿನಿಂದ ದೂರದಲ್ಲೇ ಇತ್ತು, ಆದರೆ ಅಲ್ಲಿಗೆ ರೋಗಿಯನ್ನು ತಂದದ್ದು ಸಿಪಾಯಿಯಲ್ಲ. ಮುಟ್ಟಲು ಇತರರು ಹಿಂಜರಿಯುತ್ತಿದ್ದ ಕೇರಿಯ ಮಗುವನ್ನು ಬೆನ್ನಿಗೇರಿಸಿಕೊಂಡ ಒಬ್ಬ ಮುದುಕಿ.

ಕನ್ನಡ ಸೀಮೆಗೆ ಈ ಬೇನೆ ರೈಲಿನಲ್ಲಿ ಬಂತು. ಹುಬ್ಬಳ್ಳಿ, ಧಾರವಾಡಗಳನ್ನು ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು. ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಪ್ಲೇಗು ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಲಾಯಿತು. ಬೆಂಗಳೂರಿನ ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ಹರಡಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ಬೆಳೆದವು. ಹಳ್ಳಿಗಳಿಗೆ ಇದಕ್ಕಿಂತ ಸರಳವಾದ ಉಪಾಯ ಗೊತ್ತಿತ್ತು. ಮನೆಯಲ್ಲಿ ಇಲಿ ಬಿದ್ದ ಸುದ್ದಿ ಬಂದರೆ ಊರೇ ಗಂಟುಮೂಟೆ ಕಟ್ಟಿ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ದನಕರು, ಒಲೆ, ಅಜ್ಜಿ ಎಲ್ಲರೂ ಜೊತೆಗೆ. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಈ ಗುಡಿಸಲುಗಳು ಹೊಸವಲ್ಲ. ಇಲಿ ಮತ್ತು ಚಿಗಟದಿಂದ ರೋಗ ಹರಡುತ್ತದೆಂಬುದು ಖಚಿತವಾದ ಮೇಲೆ, ಊರು ಬಿಡುವ ಈ ಹಳೆಯ ಪದ್ಧತಿಯೇ ರೋಗಿಯೊಬ್ಬನನ್ನು ಎಳೆದೊಯ್ಯುವುದಕ್ಕಿಂತ ಮೇಲೆನಿಸಿತು. ಬಲವಂತದ ಕ್ರಮಗಳು ಅಷ್ಟರಲ್ಲಾಗಲೇ ಸಡಿಲಾಗಿದ್ದವು.

ಇತ್ತ ಹಡಪಸರದಲ್ಲಿ ಆಸ್ಪತ್ರೆ ನಡೆಸಿದ್ದ ಯಶವಂತ ಸೇನೆಯ ಕೆಲಸಕ್ಕೆ ಮರಳಿದ. 1905ರಲ್ಲಿ ಅವನನ್ನೂ ಪ್ಲೇಗು ಒಯ್ದಿತು. ಸಾಸಾಣೆ ಮಳಾದ ಹೆಸರು ಸಾಸಾಣೆ ನಗರದಲ್ಲಿ ಉಳಿದಿದೆ. ಹಡಪಸರದಲ್ಲೇ 1966ರಲ್ಲಿ ಸ್ಥಾಪನೆಯಾದ ಸೀರಮ್ ಇನ್‌ಸ್ಟಿಟ್ಯೂಟ್ 2021ರಲ್ಲಿ ಕೋವಿಶೀಲ್ಡ್ ಲಸಿಕೆಯನ್ನು ದೇಶಕ್ಕೆ ಹಂಚಿತು.

1897ರ ಸಾಂಕ್ರಾಮಿಕ ರೋಗ ಕಾಯ್ದೆ ಕೋವಿಡ್ ಹರಡಿದಾಗ, 2020ರ ಮಾರ್ಚಿನಲ್ಲಿ, ಮತ್ತೆ ಹೊರಬಂತು. ಕರ್ನಾಟಕವೂ ಅದರಡಿ ನಿಯಮ ರಚಿಸಿತು. ಸದುದ್ದೇಶದಿಂದ ಕ್ರಮ ಕೈಗೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂದು ಕಾಯ್ದೆ ಮೊದಲೇ ಹೇಳಿತ್ತು. 2020ರ ತಿದ್ದುಪಡಿ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಶಿಕ್ಷೆ ಸೇರಿಸಿತು. ಬೇರ್ಪಡಿಸಿದ ರೋಗಿಯ ಬಳಿ ಯಾರಿರಬಹುದು ಎಂಬುದರ ಬಗ್ಗೆ ಮಾತ್ರ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ.