ಬಿರುಕಿನ ತುದಿ: ಕಲ್ಲುಗಣಿಯಿಂದ ಕಾರಿನ ಗಾಜಿನವರೆಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ರಾಮನಗರದ ಬೆಟ್ಟಗಳು ಕಾಣಿಸಿಕೊಳ್ಳುವ ಹೊತ್ತಿಗೆ, ಜಲ್ಲಿ ತುಂಬಿದ ಲಾರಿಯೊಂದು ನಿಮ್ಮ ಕಾರಿನ ಮುಂದೆ ಸಾಗುತ್ತಿದೆ ಎಂದುಕೊಳ್ಳಿ. 'ಟಕ್' ಎಂಬ ಸದ್ದು. ಕಾರಿನ ಮುಂದಿನ ಗಾಜಿನ ಮೇಲೆ ಹೆಸರುಕಾಳಿನಷ್ಟು ಒಂದು ಚುಕ್ಕೆ. ಇಷ್ಟೇ ತಾನೆ ಎಂದು ಸುಮ್ಮನಾಗುತ್ತೀರಿ. ಎರಡು ದಿನ ಬಿಟ್ಟು ನೋಡಿದರೆ ಆ ಚುಕ್ಕೆಯಿಂದ ಗೇಣುದ್ದದ ಬಿರುಕು ಹೊರಟಿದೆ! ಮತ್ತೆ ಯಾವ ಕಲ್ಲೂ ಬಡಿದಿಲ್ಲ. ಹಾಗಾದರೆ ಬಿರುಕು ಬೆಳೆದದ್ದು ಹೇಗೆ?

ಈ ಪ್ರಶ್ನೆಗೆ ವಿಜ್ಞಾನವು ಸರಿಯಾದ ಉತ್ತರ ಕಂಡುಕೊಂಡು ಸುಮಾರು ನೂರು ವರ್ಷಗಳಾದವು, ಅಷ್ಟೆ. ಆದರೆ ಅದರ ಮರ್ಮವನ್ನು ಕಲ್ಲುಕುಟಿಗರು ಬಹು ಹಿಂದಿನಿಂದಲೂ ಕೈಕಸುಬಿನಲ್ಲಿ ಬಲ್ಲವರಾಗಿದ್ದರು.

ಕಲ್ಲಿನ ಸೀಮೆ, ಗಾಜಿನ ಊರು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಹೆಸರು ಬದಲಾದರೂ ಬಂಡೆ ಬದಲಾಗಲಿಲ್ಲ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿನಲ್ಲಿ, ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಈಗಲೂ 'ಕ್ಲೋಸ್‌ಪೇಟ್ ಗ್ರಾನೈಟ್' ಎಂದೇ ಕರೆಯುತ್ತಾರೆ. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ.

ಇಷ್ಟು ಗಟ್ಟಿಯಾದ ಕಲ್ಲನ್ನು ಕಲ್ಲುಕುಟಿಗ ಸೀಳುವುದು ಹೇಗೆ? ಅವನು ಬಂಡೆಯ ಮೇಲೆ ಒಂದೇ ಗೆರೆಯಲ್ಲಿ ಸಾಲಾಗಿ ಸಣ್ಣ ಗುಳಿಗಳನ್ನು ಕೊರೆಯುತ್ತಾನೆ. ಒಂದೊಂದು ಗುಳಿಗೂ ಉಕ್ಕಿನ ಬೆಣೆಯನ್ನಿಟ್ಟು ಸರದಿಯಂತೆ ಹದವಾಗಿ ಹೊಡೆಯುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಗುಳಿಯಿಂದ ಗುಳಿಗೆ ಬಿರುಕು ಓಡಿ ಚಪ್ಪಡಿ ಬೇರೆಯಾಗುತ್ತದೆ. ಇಡೀ ಬಂಡೆಯನ್ನು ಒಡೆಯುವ ಶಕ್ತಿ ಅವನಿಗೆ ಬೇಕಿಲ್ಲ. ಬಿರುಕಿನ ತುದಿಯನ್ನು ಮುಂದಕ್ಕೆ ತಳ್ಳುವಷ್ಟು ಶಕ್ತಿ ಸಾಕು.

ಗಾಜಿನ ಕಸುಬೂ ಈ ಸೀಮೆಗೆ ಹೊಸದಲ್ಲ. ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣ ಹಿಂದೆ ಗಾಜಿನ ಬಳೆಗಳಿಗೂ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೂ ಪ್ರಸಿದ್ಧವಾಗಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಊರಿನ ಗಾಜಿನ ಕೆಲಸವನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಗೀರು ಬಿದ್ದ ಬಳೆ ಆ ಗೀರಿನಲ್ಲೇ ಒಡೆಯುತ್ತದೆ ಎಂಬುದು ಬಳೆ ತೊಟ್ಟವರಿಗೆಲ್ಲ ಗೊತ್ತು. ಏಕೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಲೆಕ್ಕಕ್ಕೆ ಸಿಕ್ಕ ಬಿರುಕು

ಮೊದಲ ಹೆಜ್ಜೆ ಇಟ್ಟವನು ಜರ್ಮನಿಯ ಹೈನ್‌ರಿಕ್ ಹರ್ಟ್ಸ್. ರೇಡಿಯೋ ತರಂಗಗಳಿಂದ ಪ್ರಸಿದ್ಧನಾದ ಅದೇ ಹರ್ಟ್ಸ್! ಎರಡು ವಸ್ತುಗಳು ಒಂದನ್ನೊಂದು ಒತ್ತಿದಾಗ ಅವುಗಳೊಳಗೆ ಪೀಡನ ಹೇಗೆ ಹರಡುತ್ತದೆ ಎಂಬುದನ್ನು ಅವನು 1881ರಲ್ಲಿ ಲೆಕ್ಕ ಹಾಕಿದ. ಗಾಜಿಗೆ ಗುಂಡನೆಯ ವಸ್ತು ಬಡಿದಾಗ ಆಗುವ ಬಿರುಕು ಒಳಗೆ ಶಂಕುವಿನಂತೆ ಅಗಲವಾಗುತ್ತದೆ. ಕಾರಿನ ಗಾಜಿನ ಮೇಲೆ ಜಲ್ಲಿ ಮೂಡಿಸುವ ದುಂಡನೆಯ ಗುರುತು ಇಂಥದ್ದೇ.

ಎರಡನೆಯ ಹೆಜ್ಜೆ ಇಂಗ್ಲೆಂಡಿನ ಸಿ. ಇ. ಇಂಗ್ಲಿಸ್‌ನದು. ಹಡಗಿನ ತಗಡುಗಳು ಮೂಲೆ, ತೂತುಗಳ ಬಳಿ ಸೀಳುವುದೇಕೆ ಎಂಬ ಪ್ರಶ್ನೆಗೆ ಅವನು 1913ರಲ್ಲಿ ಉತ್ತರ ಕೊಟ್ಟ. ಎಳೆತಕ್ಕೆ ಒಳಗಾದ ಅಗಲವಾದ ತಗಡಿನಲ್ಲಿ ದುಂಡನೆಯ ತೂತಿದ್ದರೆ, ತೂತಿನ ಅಂಚಿನಲ್ಲಿ ಪೀಡನ ಮೂರು ಪಟ್ಟಾಗುತ್ತದೆ. ತೂತು ಉದ್ದವಾಗಿ, ತುದಿ ಚೂಪಾದಂತೆ ಅದು ಇನ್ನೂ ಏರುತ್ತದೆ. ಬಿರುಕಿನ ತುದಿಯಷ್ಟು ಚೂಪಾದದ್ದು ಬೇರೇನಿದೆ?

ಮೂರನೆಯವನು ಎ. ಎ. ಗ್ರಿಫಿತ್. ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿದ್ದ ಇವನು ಪ್ರಯೋಗಕ್ಕೆ ಆರಿಸಿಕೊಂಡದ್ದು ಗಾಜನ್ನೇ. ಅವನ ಪ್ರಬಂಧ 1920ರಲ್ಲಿ ಮಂಡನೆಯಾಯಿತು. ಬಿರುಕು ಬೆಳೆಯಲು ಹೊಸ ಮೇಲ್ಮೈ ಉಂಟಾಗಬೇಕು, ಅದಕ್ಕೆ ಶಕ್ತಿ ಬೇಕು. ಬಿರುಕು ಬೆಳೆದಾಗ ಗಾಜಿನಲ್ಲಿ ಅಡಗಿದ್ದ ಶಕ್ತಿ ಬಿಡುಗಡೆಯಾಗುತ್ತದೆ. ಈ ಆದಾಯ ಆ ಖರ್ಚನ್ನು ಮೀರಿದ ಕ್ಷಣ ಬಿರುಕು ತಾನಾಗಿಯೇ ಓಡತೊಡಗುತ್ತದೆ. ಗ್ರಿಫಿತ್‌ನ ಸೂತ್ರದ ಪ್ರಕಾರ ಬಿರುಕಿನ ಉದ್ದ ನಾಲ್ಕು ಪಟ್ಟಾದರೆ ಗಾಜು ತಡೆಯಬಲ್ಲ ಪೀಡನ ಅರ್ಧಕ್ಕೆ ಇಳಿಯುತ್ತದೆ. ಚಿಕ್ಕ ಬಿರುಕನ್ನು ಚಿಕ್ಕದಿದ್ದಾಗಲೇ ನಿಲ್ಲಿಸಬೇಕು ಎನ್ನುವುದಕ್ಕೆ ಆಧಾರ ಇದು.

ಎರಡು ಗಾಜು, ನಡುವೆ ಒಂದು ಪೊರೆ

ಮೊದಮೊದಲ ಕಾರುಗಳಿಗೆ ಹಾಕುತ್ತಿದ್ದುದು ಮನೆ ಕಿಟಕಿಯಂಥ ಸಾಮಾನ್ಯ ಗಾಜು. ಅಪಘಾತದಲ್ಲಿ ಅದು ಚೂರಿಯಂಥ ತುಂಡುಗಳಾಗಿ ಮುಖ, ಕುತ್ತಿಗೆಗಳನ್ನು ಸೀಳುತ್ತಿತ್ತು. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್‌ನ ಪ್ರಯೋಗಾಲಯದಲ್ಲಿ ಗಾಜಿನ ಫ್ಲಾಸ್ಕೊಂದು ಕೆಳಗೆ ಬಿತ್ತು, ಬಿರುಕು ಬಿಟ್ಟಿತು, ಆದರೆ ಚೂರಾಗಲಿಲ್ಲ ಎಂಬ ಪ್ರಸಂಗ ಪ್ರಸಿದ್ಧವಾಗಿದೆ. ಅದರೊಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವನು ಎರಡು ಗಾಜುಗಳ ನಡುವೆ ಸೆಲ್ಯುಲಾಯ್ಡ್ ಹಾಳೆಯನ್ನಿಟ್ಟ ಪದರಗಾಜಿಗೆ ಪೇಟೆಂಟ್ ಪಡೆದ. ಸೆಲ್ಯುಲಾಯ್ಡ್ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದಲ್ಲಿ ಅದರ ಜಾಗಕ್ಕೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ ಬಂತು. ಇಂದಿನ ಕಾರುಗಳಲ್ಲಿ ಸುಮಾರು 2 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ ಇರುವುದು ಬಹುಮಟ್ಟಿಗೆ ಇದೇ ಪೊರೆ.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವು ಮುಂದಿನ ಗಾಜಿಗೆ ಪದರಗಾಜನ್ನು ಗೊತ್ತುಮಾಡಿತು. ಅದಕ್ಕೆ ಮೊದಲು ಅನೇಕ ವಾಹನಗಳಲ್ಲಿ ಹದಗೊಳಿಸಿದ ಗಾಜು ಇರುತ್ತಿತ್ತು. ಅದಕ್ಕೆ ಕಲ್ಲು ಬಲವಾಗಿ ಬಡಿದರೆ ಇಡೀ ಗಾಜು ಒಮ್ಮೆಲೇ ಕಾಳುಕಾಳಾಗಿ ರಸ್ತೆಯೇ ಕಾಣದಂತಾಗುತ್ತಿತ್ತು. ಪದರಗಾಜಿನಲ್ಲಿ ಒಡೆಯುವುದು ಸಾಮಾನ್ಯವಾಗಿ ಹೊರಗಿನ ಪದರ ಮಾತ್ರ. ಆದ್ದರಿಂದಲೇ ಅದನ್ನು ರಿಪೇರಿ ಮಾಡುವುದು ಸಾಧ್ಯವಾಯಿತು.

ತುಂಬಿದ ಬಿರುಕು

1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಈ ರಿಪೇರಿ ಬಳಕೆಗೆ ಬಂತು. ಬಿರುಕಿನೊಳಗಿನ ಗಾಳಿಯನ್ನು ಹೀರಿ ತೆಗೆದು, ತೆಳುವಾದ ರಾಳವನ್ನು ಒತ್ತಡದಿಂದ ತುಂಬುತ್ತಾರೆ. ನೇರಳಾತೀತ ಬೆಳಕು ಬಿದ್ದಾಗ ಅದು ಗಟ್ಟಿಯಾಗುತ್ತದೆ. ರಾಳವು ಬಿರುಕಿನ ಎರಡೂ ದಡಗಳನ್ನು ಹಿಡಿದುಕೊಳ್ಳುವುದರಿಂದ ತುದಿಯ ಮೇಲಿನ ಪೀಡನ ತಗ್ಗುತ್ತದೆ. ಕಲ್ಲುಕುಟಿಗ ಬೆಣೆ ಹೊಡೆದು ಬಿರುಕನ್ನು ಅಗಲಿಸಿದರೆ ರಿಪೇರಿಯವನು ಅದನ್ನು ಬೆಸೆಯುತ್ತಾನೆ. ಇಬ್ಬರೂ ಕೈಹಾಕುವುದು ಬಿರುಕಿನ ತುದಿಗೇ.

ಇಲ್ಲಿ ತಡ ಮಾಡಬಾರದು. ಗಾಜಿಗೆ ನೀರು ಶತ್ರು. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕ ಸಿಲಿಕಾನ್-ಆಮ್ಲಜನಕ ಬಂಧಗಳನ್ನು ನೀರಿನ ಅಣುಗಳು ಕಡಿಯುತ್ತವೆ. ಯಾವ ಹೊಡೆತವೂ ಇಲ್ಲದೆ ಬಿರುಕು ನಿಧಾನವಾಗಿ ಬೆಳೆಯುವುದಕ್ಕೆ ಇದೊಂದು ಕಾರಣ, ಬಿಸಿ-ತಂಪುಗಳ ಏರುಪೇರು ಇನ್ನೊಂದು. ಆದ್ದರಿಂದ ಚುಕ್ಕೆ ಬಿದ್ದ ಕೂಡಲೇ ಒಣಬಟ್ಟೆಯಿಂದ ಒರೆಸಿ, ನೋಟಕ್ಕೆ ಅಡ್ಡಿಯಾಗದಂತೆ ಪಾರದರ್ಶಕ ಟೇಪು ಅಂಟಿಸಿ. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಎರಚಬೇಡಿ, ಎ.ಸಿ.ಯ ತಂಪುಗಾಳಿಯನ್ನು ನೇರವಾಗಿ ಹಾಯಿಸಬೇಡಿ.

ಎಲ್ಲ ಬಿರುಕುಗಳೂ ರಿಪೇರಿಗೆ ಒಗ್ಗುವುದಿಲ್ಲ. ಗಾಜಿನ ಅಂಚು ಮುಟ್ಟಿದ್ದು, ಒಳಪದರಕ್ಕೂ ಹೋದದ್ದು, ಉದ್ದವಾಗಿ ಓಡಿದ್ದು, ಚಾಲಕನ ಕಣ್ಣಿಗೆ ನೇರವಾಗಿರುವುದು, ಇವುಗಳಿಗೆ ಗಾಜು ಬದಲಿಸುವುದೇ ದಾರಿ. ಬಿರುಕು ರಾತ್ರಿ ಎದುರು ವಾಹನದ ಬೆಳಕನ್ನು ಚದುರಿಸಿ ಕಣ್ಣು ಕೋರೈಸುತ್ತದೆ. ಅನೇಕ ಕಾರುಗಳಲ್ಲಿ ಚಾಲಕನ ಪಕ್ಕದವರ ಏರ್‌ಬ್ಯಾಗ್ ಉಬ್ಬುವಾಗ ಆನಿಕೊಳ್ಳುವುದೂ ಈ ಗಾಜನ್ನೇ.

ಇನ್ನು ವೇಗದ ಮಾತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಹೊರಗೇ ಸಾಗುತ್ತದೆ, ವಾಹನಗಳ ವೇಗವೂ ಹೆಚ್ಚಿದೆ. 5 ಗ್ರಾಂ ಜಲ್ಲಿಯೊಂದು ಗಾಳಿಯಲ್ಲಿ ನಿಂತಂತಿದ್ದರೂ, ಗಂಟೆಗೆ 50 ಕಿ.ಮೀ. ವೇಗದ ಕಾರಿಗೆ ಅದು ಸುಮಾರು 0.5 ಜೂಲ್ ಶಕ್ತಿಯಿಂದ ಬಡಿಯುತ್ತದೆ. ವೇಗ 100 ಕಿ.ಮೀ. ಆದರೆ ಸುಮಾರು 2 ಜೂಲ್. ವೇಗ ಎರಡು ಪಟ್ಟು, ಹೊಡೆತ ನಾಲ್ಕು ಪಟ್ಟು! ಜಲ್ಲಿ ಲಾರಿಯಿಂದ ದೂರವಿರುವುದು ಎಲ್ಲ ರಿಪೇರಿಗಿಂತ ಅಗ್ಗ.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ಅಳತೆಯ ಮೂರು ಕಾಗದದ ಪಟ್ಟಿಗಳನ್ನು ತೆಗೆದುಕೊಳ್ಳಿ. ಮೊದಲನೆಯದು ಹಾಗೇ ಇರಲಿ. ಎರಡನೆಯದರ ಒಂದು ಅಂಚಿನಲ್ಲಿ 1 ಸೆಂ.ಮೀ. ಸೀಳು ಮಾಡಿ. ಮೂರನೆಯದರಲ್ಲಿ ಅದೇ ಸೀಳು ಮಾಡಿ, ಅದರ ತುದಿಗೆ ಪಂಚಿಂಗ್ ಯಂತ್ರದಿಂದ ದುಂಡನೆಯ ತೂತು ಹಾಕಿ. ಮೂರನ್ನೂ ಎಳೆದು ಹೋಲಿಸಿ. ಮೂರನೆಯದರಲ್ಲಿ ಕಾಗದ ಇನ್ನಷ್ಟು ಕಡಿಮೆಯಾಗಿದ್ದರೂ ಅದು ಎರಡನೆಯದರಷ್ಟು ಸುಲಭವಾಗಿ ಹರಿಯುತ್ತದೆಯೇ?

ಬಳಿಕ ಬೋರೋಸಿಲಿಕೇಟ್ ಗಾಜಿನ ಕಡ್ಡಿಯನ್ನು ಗ್ಲಿಸರಿನ್‌ನಲ್ಲಿ ಅದ್ದಿ. ಎರಡರ ವಕ್ರೀಭವನ ಸೂಚ್ಯಂಕವೂ ಸುಮಾರು 1.47 ಆದ್ದರಿಂದ ಮುಳುಗಿದ ಭಾಗ ಹೆಚ್ಚುಕಡಿಮೆ ಮಾಯವಾಗುತ್ತದೆ. ರಾಳ ತುಂಬಿದ ಬಿರುಕು ಕಣ್ಣಿಗೆ ಮಸುಕಾಗುವುದೂ ಹೀಗೆಯೇ. ಈ ಎರಡು ಪ್ರಯೋಗಗಳನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಿ, ಕಾರಣವನ್ನು ಅವರ ಬಾಯಿಂದಲೇ ಹೇಳಿಸಿ.