ಥಿಯೋಫಿಲಿನ್ ಮಾತ್ರೆ: ದೀರ್ಘಕಾಲೀನ ಶ್ವಾಸಾವರೋಧ ಕಾಯಿಲೆಯುಳ್ಳವರು ತಿಳಿದಿರಬೇಕಾದ ಅಂಶಗಳು

ದೀರ್ಘಕಾಲೀನ ಶ್ವಾಸಾವರೋಧ ಕಾಯಿಲೆಗೆ (ಸಿ.ಓ.ಪಿ.ಡಿ.) ವೈದ್ಯರು ಬರೆದುಕೊಡುವ ಔಷಧಗಳ ಪೈಕಿ ಥಿಯೋಫಿಲಿನ್ ಮಾತ್ರೆಯೂ ಒಂದಾಗಿದ್ದು, ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಡೆರಿಫಿಲಿನ್ ಎಂಬ ಹೆಸರಿನಲ್ಲಿ ಜನಸಾಮಾನ್ಯರಿಗೆ ಪರಿಚಿತವಾಗಿರುವ ಮಾತ್ರೆಯಲ್ಲಿ ಎಟೋಫಿಲಿನ್ ಹಾಗೂ ಥಿಯೋಫಿಲಿನ್ ಎಂಬ ಎರಡು ಅಂಶಗಳಿವೆ. ಬೆಲೆ ಕಡಿಮೆ ಇರುವುದರಿಂದಲೂ, ಇನ್‌ಹೇಲರ್ ಬಳಸಲು ಹಿಂಜರಿಯುವವರಿಗೆ ನುಂಗುವುದು ಸುಲಭವಾಗಿ ತೋರುವುದರಿಂದಲೂ ಅನೇಕರು ಇದನ್ನು ವರ್ಷಾನುಗಟ್ಟಲೆ ಸೇವಿಸುತ್ತಾರೆ. ಸುಲಭವಾಗಿ ಸಿಗುವ ಈ ಮಾತ್ರೆಯು ನಿರಪಾಯಕಾರಿ ಎಂಬ ಭಾವನೆ ಸಾರ್ವಜನಿಕರಲ್ಲಿ ಇರುವುದು ಕಂಡುಬರುತ್ತದೆ. ಈ ಭಾವನೆ ಸರಿಯಲ್ಲ. ಮಾತ್ರೆಯ ಸಂಖ್ಯೆ ಬದಲಾಗದಿದ್ದರೂ ರಕ್ತದಲ್ಲಿನ ಔಷಧದ ಪ್ರಮಾಣವು ಹಲವು ಕಾರಣಗಳಿಂದ ಏರಿಳಿಯುತ್ತದೆ. ಈ ಕಾರಣಗಳನ್ನು ರೋಗಿಗಳಿಗೂ ಅವರ ಕುಟುಂಬದವರಿಗೂ ತಿಳಿಯಪಡಿಸುವ ಸಲುವಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಔಷಧದ ಸ್ವರೂಪ

ಥಿಯೋಫಿಲಿನ್ ಕಾಫಿಯಲ್ಲಿರುವ ಕೆಫೀನ್‌ನ ಹತ್ತಿರದ ಸಂಬಂಧಿ. ಜರ್ಮನಿಯ ವಿಜ್ಞಾನಿ ಆಲ್ಬ್ರೆಕ್ಟ್ ಕೊಸ್ಸೆಲ್ ಅವರು 1888ರಲ್ಲಿ ಇದನ್ನು ಚಹಾ ಎಲೆಯಿಂದ ಬೇರ್ಪಡಿಸಿದರು. ಇದು ಶ್ವಾಸನಾಳಗಳ ಸುತ್ತಲಿನ ಸ್ನಾಯುಗಳನ್ನು ಸಡಿಲಗೊಳಿಸಿ ಉಸಿರಾಟವನ್ನು ತುಸು ಸರಾಗಗೊಳಿಸುತ್ತದೆ. ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಹಾನಿಗೊಂಡಿರುವ ಶ್ವಾಸಕೋಶವನ್ನು ಮೊದಲಿನ ಸ್ಥಿತಿಗೆ ತರುವುದೂ ಇಲ್ಲ.

ಇಂದಿನ ವೈದ್ಯಕೀಯ ಮಾರ್ಗಸೂಚಿಗಳ ಪ್ರಕಾರ ಈ ಕಾಯಿಲೆಗೆ ಮೊದಲ ಆಯ್ಕೆ ಇನ್‌ಹೇಲರ್ ಮೂಲಕ ಪಡೆಯುವ ಔಷಧಗಳೇ ಆಗಿವೆ. ದೀರ್ಘಾವಧಿಯ ಇನ್‌ಹೇಲರ್‌ಗಳು ದೊರೆಯದಿರುವಾಗ ಅಥವಾ ಅವುಗಳ ವೆಚ್ಚವನ್ನು ಭರಿಸಲಾಗದಿರುವಾಗ ಥಿಯೋಫಿಲಿನ್‌ಗೆ ಸ್ಥಾನವಿದೆ. ಬ್ರಿಟನ್ನಿನಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಲಾದ ಹಾಗೂ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೀರಾಯ್ಡ್ ಇನ್‌ಹೇಲರ್ ಬಳಸುತ್ತಿದ್ದವರಿಗೆ ಕಡಿಮೆ ಪ್ರಮಾಣದ ಥಿಯೋಫಿಲಿನ್ ಸೇರಿಸಿ ನೀಡಿದರೂ ಕಾಯಿಲೆ ಉಲ್ಬಣಿಸುವ ಪ್ರಸಂಗಗಳು ಕಡಿಮೆಯಾಗಲಿಲ್ಲ. ಆದ್ದರಿಂದ ಹಲವು ವರ್ಷಗಳಿಂದ ಈ ಮಾತ್ರೆ ಸೇವಿಸುತ್ತಿರುವವರು, ಇದು ತಮಗೆ ಈಗಲೂ ಅಗತ್ಯವೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳುವುದು ಯುಕ್ತ. ಹೀಗೆ ಕೇಳುವುದರಲ್ಲಿ ಸಂಕೋಚ ಪಡಬೇಕಾದುದೇನೂ ಇಲ್ಲ. ಆದರೆ ತಾವಾಗಿಯೇ ಏಕಾಏಕಿ ನಿಲ್ಲಿಸಕೂಡದು. ಉಬ್ಬಸ ಹೆಚ್ಚಾಗುವ ಸಾಧ್ಯತೆ ಇರುತ್ತದೆ.

ಗುಣ ಮತ್ತು ವಿಷದ ನಡುವಿನ ಅಂತರ

ಬಹುಪಾಲು ಔಷಧಗಳಲ್ಲಿ ಗುಣ ನೀಡುವ ಪ್ರಮಾಣಕ್ಕೂ ಅಪಾಯ ತರುವ ಪ್ರಮಾಣಕ್ಕೂ ಸಾಕಷ್ಟು ಅಂತರವಿರುತ್ತದೆ. ಥಿಯೋಫಿಲಿನ್ ವಿಷಯದಲ್ಲಿ ಹಾಗಿಲ್ಲ. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 10ರಿಂದ 20 ಮೈಕ್ರೋಗ್ರಾಂ ಇರಬೇಕೆಂಬುದು ಹಿಂದಿನಿಂದ ಬಂದ ಲೆಕ್ಕ. ಈಗ ಅನೇಕ ವೈದ್ಯರು ಇದಕ್ಕಿಂತ ಕಡಿಮೆ ಪ್ರಮಾಣವನ್ನೇ ಸಾಕೆಂದು ಪರಿಗಣಿಸುತ್ತಾರೆ. 20 ಮೈಕ್ರೋಗ್ರಾಂ ಮೀರಿದಲ್ಲಿ ವಿಷಪರಿಣಾಮಗಳು ಹೆಚ್ಚುತ್ತವೆ. ಕೆಲವರಲ್ಲಿ ಅದಕ್ಕೂ ಮೊದಲೇ ತೊಂದರೆ ಕಾಣಿಸಿಕೊಳ್ಳಬಹುದು.

ಇದನ್ನು ಕೆರೆಯ ಉದಾಹರಣೆಯಿಂದ ತಿಳಿಯಬಹುದು. ಕೆರೆಗೆ ಪ್ರತಿದಿನ ಒಂದೇ ಅಳತೆಯ ನೀರು ಬರುತ್ತಿದ್ದು, ತೂಬಿನಿಂದ ಅಷ್ಟೇ ನೀರು ಹೊರಹೋಗುತ್ತಿದ್ದರೆ ಮಟ್ಟ ಸಮನಾಗಿರುತ್ತದೆ. ತೂಬು ಕಟ್ಟಿಕೊಂಡರೆ, ಬರುವ ನೀರು ಹೆಚ್ಚಾಗದಿದ್ದರೂ ಕೆರೆ ತುಂಬಿ ಏರಿಯ ಮೇಲೆ ಹರಿಯುತ್ತದೆ. ಥಿಯೋಫಿಲಿನ್ ಮಟ್ಟಿಗೆ ನಮ್ಮ ಯಕೃತ್ತೇ (ಲಿವರ್) ಈ ತೂಬು. ಅದು ಔಷಧವನ್ನು ವಿಭಜಿಸಿ ಹೊರಹಾಕುವ ವೇಗವು ವ್ಯಕ್ತಿಯಿಂದ ವ್ಯಕ್ತಿಗೆ, ಅಷ್ಟೇ ಅಲ್ಲ, ಒಬ್ಬನೇ ವ್ಯಕ್ತಿಯಲ್ಲಿ ವಾರದಿಂದ ವಾರಕ್ಕೆ ಬದಲಾಗಬಲ್ಲದು. ಅಲ್ಲದೆ ರಕ್ತದಲ್ಲಿನ ಪ್ರಮಾಣ ಹೆಚ್ಚಿದಂತೆ ಯಕೃತ್ತಿನ ಸಾಮರ್ಥ್ಯ ಸಾಲದಾಗಿ, ಅರ್ಧ ಮಾತ್ರೆ ಹೆಚ್ಚಿಸಿದರೂ ಮಟ್ಟವು ನಿರೀಕ್ಷೆಗಿಂತ ಬಹಳಷ್ಟು ಏರಬಹುದು. ಪಕ್ಕದ ಮನೆಯವರಿಗೆ ಒಗ್ಗಿದ ಪ್ರಮಾಣವು ತಮಗೂ ಒಗ್ಗುವುದೆಂದು ತಿಳಿಯಬಾರದು ಎನ್ನುವುದು ಇದೇ ಕಾರಣಕ್ಕೆ.

ಬೀಡಿ, ಸಿಗರೇಟು ಬಿಟ್ಟಾಗ

ಈ ವಿಷಯವನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತು ಥಿಯೋಫಿಲಿನ್ ಅನ್ನು ವಿಭಜಿಸುವ ವೇಗವನ್ನು ಹೆಚ್ಚಿಸುತ್ತವೆ. ಧೂಮಪಾನ ಮಾಡದ ಆರೋಗ್ಯವಂತ ವಯಸ್ಕರಲ್ಲಿ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯಲು ಸುಮಾರು 8 ಗಂಟೆ ಬೇಕಾದರೆ, ಧೂಮಪಾನಿಗಳಲ್ಲಿ 4ರಿಂದ 5 ಗಂಟೆ ಸಾಕು. ಹೀಗಾಗಿ ಬೀಡಿ ಸೇದುವವರಿಗೆ ವೈದ್ಯರು ನಿಗದಿಪಡಿಸಿದ ಪ್ರಮಾಣವು ಹೆಚ್ಚಾಗಿಯೇ ಇರಬಹುದು.

ಅದೇ ರೋಗಿಯು ಬೀಡಿ ಬಿಟ್ಟನೆಂದು ಭಾವಿಸಿ. ಯಕೃತ್ತಿನ ವೇಗವು ಸಹಜ ಸ್ಥಿತಿಗೆ ಮರಳಲಾರಂಭಿಸುತ್ತದೆ, ಮಾತ್ರೆ ಮಾತ್ರ ಹಿಂದಿನಷ್ಟೇ ಮುಂದುವರಿಯುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಪ್ರಮಾಣವನ್ನು ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ತಗ್ಗಿಸಬೇಕಾಗಬಹುದು. ಎಷ್ಟು ತಗ್ಗಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಒಳ್ಳೆಯ ನಿರ್ಧಾರ ಕೈಗೊಂಡ ವ್ಯಕ್ತಿಗೆ ವಾಕರಿಕೆ, ಎದೆಬಡಿತ, ನಿದ್ರಾಹೀನತೆ ಕಾಣಿಸಿಕೊಂಡು, 'ಬೀಡಿ ಬಿಟ್ಟದ್ದೇ ನನಗೆ ಆಗಿಬರಲಿಲ್ಲ' ಎಂದು ಮತ್ತೆ ಸೇದಲು ಆರಂಭಿಸುವಂತಾದರೆ ಅದು ದುರದೃಷ್ಟಕರ. ತೊಂದರೆಗೆ ಕಾರಣ ಬೀಡಿ ಬಿಟ್ಟದ್ದಲ್ಲ, ಮಾತ್ರೆ ಕಡಿಮೆ ಮಾಡದಿದ್ದುದು.

ಆಸ್ಪತ್ರೆಗೆ ದಾಖಲಾದಾಗಲೂ ಇದೇ ಪರಿಸ್ಥಿತಿ ಉಂಟಾಗುತ್ತದೆ. ವಾರ್ಡಿನಲ್ಲಿ ಇರುವಷ್ಟು ದಿನ ರೋಗಿಯು ಸಹಜವಾಗಿಯೇ ಧೂಮಪಾನದಿಂದ ದೂರವಿರುತ್ತಾನೆ. ಜೊತೆಗೆ ಜ್ವರವಿದ್ದು, ಅದಕ್ಕೆ ಆಂಟಿಬಯಾಟಿಕ್ ಸಹ ಆರಂಭವಾದರೆ ಮೂರು ಕಾರಣಗಳು ಒಟ್ಟಿಗೆ ಸೇರುತ್ತವೆ. ಆದ್ದರಿಂದ ದಿನಕ್ಕೆ ಎಷ್ಟು ಬೀಡಿ ಸೇದುತ್ತಿದ್ದರು, ಎಂದಿನಿಂದ ನಿಲ್ಲಿಸಿದ್ದಾರೆ ಎಂಬುದನ್ನು ಮರೆಮಾಚದೆ ತಿಳಿಸುವುದು ಅಗತ್ಯ. ಹೊಗೆಯ ಈ ಪರಿಣಾಮವು ನಿಕೋಟಿನ್‌ನಿಂದ ಆಗುವುದಲ್ಲ. ಆದ್ದರಿಂದ ನಿಕೋಟಿನ್ ಚೂಯಿಂಗ್ ಗಮ್ ಬಳಸುತ್ತಿರುವವರಿಗೂ ಮಾತ್ರೆಯ ಪ್ರಮಾಣ ಮರುಪರಿಶೀಲನೆ ಆಗಬೇಕು. ತಂಬಾಕು ತ್ಯಜಿಸಲು ನೆರವು ಬಯಸುವವರು ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇತರೆ ಔಷಧಗಳು, ಜ್ವರ ಮತ್ತು ಮನೆಮದ್ದು

ಮೂತ್ರದ ಸೋಂಕು, ಭೇದಿ ಮುಂತಾದವುಗಳಿಗೆ ಸಾಮಾನ್ಯವಾಗಿ ನೀಡುವ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆಯು ಥಿಯೋಫಿಲಿನ್ ವಿಭಜನೆಯನ್ನು ತಡೆದು ರಕ್ತದಲ್ಲಿನ ಮಟ್ಟವನ್ನು ಅಪಾಯದ ಹಂತಕ್ಕೆ ಏರಿಸಬಲ್ಲದು. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಸಹ ಇದೇ ಗುಂಪಿಗೆ ಸೇರುತ್ತವೆ. ಹೊಟ್ಟೆಹುಣ್ಣಿಗೆ ಬಳಸುವ ಸಿಮೆಟಿಡಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೋಪ್ಯೂರಿನಾಲ್, ರಕ್ತದೊತ್ತಡದ ವೆರಾಪಮಿಲ್, ಮಾನಸಿಕ ಕಾಯಿಲೆಗೆ ಬಳಸುವ ಫ್ಲೂವೊಕ್ಸಮಿನ್ ಹಾಗೂ ಗರ್ಭನಿರೋಧಕ ಮಾತ್ರೆಗಳಿಂದಲೂ ಮಟ್ಟ ಏರುತ್ತದೆ. ಇದರರ್ಥ ಇವುಗಳನ್ನು ಎಂದಿಗೂ ಬಳಸಬಾರದೆಂದಲ್ಲ. ಬರೆದುಕೊಡುವ ವೈದ್ಯರಿಗೆ ರೋಗಿಯು ಥಿಯೋಫಿಲಿನ್ ಸೇವಿಸುತ್ತಿರುವುದು ತಿಳಿದಿರಬೇಕು. ದಂತವೈದ್ಯರೂ ಇದಕ್ಕೆ ಹೊರತಲ್ಲ. ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೇಳಿ ಪಡೆಯುವ ಅಭ್ಯಾಸ ಯಾರಿಗೂ ಹಿತವಲ್ಲ. ಈ ರೋಗಿಗಳಿಗಂತೂ ಪ್ರಾಣಕ್ಕೇ ಸಂಚಕಾರ ತರಬಹುದು.

ಕ್ಷಯರೋಗಕ್ಕೆ ನೀಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಫಿನೋಬಾರ್ಬಿಟಾಲ್ ಮತ್ತು ಕಾರ್ಬಮಜಪೈನ್ ಇದಕ್ಕೆ ವಿರುದ್ಧವಾಗಿ ಮಟ್ಟವನ್ನು ಇಳಿಸುತ್ತವೆ. ಕ್ಷಯರೋಗದ ಚಿಕಿತ್ಸೆಯ ಅವಧಿಯಲ್ಲಿ ಥಿಯೋಫಿಲಿನ್ ಪ್ರಮಾಣವನ್ನು ಹೆಚ್ಚಿಸಿದ್ದಲ್ಲಿ, ಆ ಚಿಕಿತ್ಸೆ ಮುಗಿದ ಕೂಡಲೇ ಅದನ್ನು ಮತ್ತೆ ತಗ್ಗಿಸಬೇಕಾಗುತ್ತದೆ. ಕ್ಷಯರೋಗ ವಾಸಿಯಾದ ಸಮಾಧಾನದಲ್ಲಿ ಇದು ಮರೆತುಹೋಗುವುದುಂಟು.

ಹಲವು ದಿನ ಮುಂದುವರಿಯುವ ಜ್ವರ, ಹೃದಯ ವೈಫಲ್ಯ, ಯಕೃತ್ತಿನ ಕಾಯಿಲೆ ಹಾಗೂ 60 ವರ್ಷ ಮೀರಿದ ವಯಸ್ಸು, ಇವೆಲ್ಲವೂ ವಿಭಜನೆಯನ್ನು ನಿಧಾನಗೊಳಿಸುತ್ತವೆ. ಫಿಟ್ಸ್, ಹೃದಯಬಡಿತದ ಏರುಪೇರು, ಹೊಟ್ಟೆಹುಣ್ಣು ಅಥವಾ ಥೈರಾಯ್ಡ್ ಹೆಚ್ಚಳ ಇರುವವರು, ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರು ಮುಂಚಿತವಾಗಿ ವೈದ್ಯರ ಗಮನಕ್ಕೆ ತರತಕ್ಕದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೂ ತಿಳಿಸಬೇಕು.

ಕಾಫಿ, ಚಹಾ ಸಂಪೂರ್ಣ ಬಿಡಬೇಕಾಗಿಲ್ಲ. ಆದರೆ ಕೆಫೀನ್ ಕೂಡ ಅದೇ ತೂಬಿನ ಮೂಲಕವೇ ಹೊರಹೋಗಬೇಕಾದುದರಿಂದ ಮಿತಿಯಲ್ಲಿರುವುದು ಲೇಸು. ಕರಿಮೆಣಸು ಮತ್ತು ಹಿಪ್ಪಲಿಯಲ್ಲಿರುವ ಪೈಪರೀನ್ ಎಂಬ ಅಂಶವು ಥಿಯೋಫಿಲಿನ್ ಮಟ್ಟವನ್ನು ಹೆಚ್ಚಿಸಬಲ್ಲದೆಂದು ಆರೋಗ್ಯವಂತರ ಮೇಲೆ ನಡೆದ ಅಧ್ಯಯನದಲ್ಲಿ ಕಂಡುಬಂದಿದೆ. ಸಾರಿಗೆ ಹಾಕುವ ಮೆಣಸಿನ ಬಗ್ಗೆ ಚಿಂತಿಸಬೇಕಾಗಿಲ್ಲ. ಕೆಮ್ಮು, ಕಫಕ್ಕೆಂದು ಹಿಪ್ಪಲಿ ಪುಡಿ ಅಥವಾ ತ್ರಿಕಟು ಚೂರ್ಣವನ್ನು ನಿತ್ಯ ಸೇವಿಸುವವರು ಮಾತ್ರ ಆ ಬಗ್ಗೆ ವೈದ್ಯರಿಗೆ ಹೇಳಬೇಕು.

ಇನ್ನೊಂದು ಸಾಮಾನ್ಯ ಲೋಪವೆಂದರೆ ಒಂದೇ ವರ್ಗದ ಔಷಧವನ್ನು ಎರಡು ಹೆಸರಿನಲ್ಲಿ ಸೇವಿಸುವುದು. ಡಾಕ್ಸೊಫಿಲಿನ್, ಅಸಿಬ್ರೊಫಿಲಿನ್ ಎಂಬುವೂ ಥಿಯೋಫಿಲಿನ್ ವರ್ಗಕ್ಕೇ ಸೇರಿದ್ದು, ಮಾಂಟೆಲುಕಾಸ್ಟ್‌ನೊಂದಿಗೆ ಬೆರೆಸಿದ ಮಾತ್ರೆಗಳಲ್ಲಿಯೂ ಇರುತ್ತವೆ. ಹಳೆಯ ವೈದ್ಯರ ಮಾತ್ರೆಯ ಜೊತೆಗೆ ಹೊಸ ವೈದ್ಯರ ಮಾತ್ರೆಯನ್ನೂ ನುಂಗುವ ಮೊದಲು, ಪಟ್ಟಿಯ ಹಿಂಬದಿಯಲ್ಲಿ 'ಫಿಲಿನ್' ಎಂದು ಕೊನೆಗೊಳ್ಳುವ ಹೆಸರು ಎರಡರಲ್ಲಿಯೂ ಇದೆಯೇ ಎಂದು ಔಷಧ ವಿತರಕರಿಂದ ಓದಿಸಿ ಖಚಿತಪಡಿಸಿಕೊಳ್ಳಿ.

ಸೇವಿಸುವ ಕ್ರಮ

ಪ್ರತಿದಿನ ನಿಗದಿತ ವೇಳೆಗೆ, ಊಟಕ್ಕೆ ಸಂಬಂಧಿಸಿದಂತೆ ಒಂದೇ ಕ್ರಮದಲ್ಲಿ ತೆಗೆದುಕೊಳ್ಳಬೇಕು. 'ರಿಟಾರ್ಡ್', 'ಎಸ್.ಆರ್.' ಎಂದು ನಮೂದಾಗಿರುವ ಮಾತ್ರೆಗಳು ಔಷಧವನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆ ಮಾಡುವಂತೆ ತಯಾರಾಗಿರುತ್ತವೆ. ಇವನ್ನು ಅಗಿಯುವುದಾಗಲಿ, ಕುಟ್ಟಿ ಪುಡಿ ಮಾಡಿ ಬಾಳೆಹಣ್ಣಿನಲ್ಲೋ ಜೇನಿನಲ್ಲೋ ಕಲಸಿ ವೃದ್ಧರಿಗೆ ತಿನ್ನಿಸುವುದಾಗಲಿ ಕೂಡದು. ಇಡೀ ದಿನಕ್ಕೆಂದು ಇರುವ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ನುಂಗಲು ಕಷ್ಟವಾದಲ್ಲಿ ಬೇರೆ ರೂಪದ ಔಷಧವನ್ನು ಕೇಳಿ ಪಡೆಯಬಹುದು. ತಯಾರಕರು ಬದಲಾದರೆ ಬಿಡುಗಡೆಯ ವೇಗವೂ ಬದಲಾಗಬಹುದಾದ್ದರಿಂದ, ಅಂಗಡಿಯಲ್ಲಿ ಬೇರೆ ಹೆಸರಿನ ಮಾತ್ರೆ ಕೊಟ್ಟಾಗ ವೈದ್ಯರ ಒಪ್ಪಿಗೆ ಪಡೆಯಬೇಕು.

ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿನದನ್ನು ಎಂದಿನಂತೆ ಸೇವಿಸಿ, ಎರಡನ್ನೂ ಸೇರಿಸಿ ನುಂಗಬೇಡಿ. ರಾತ್ರಿ ಹಠಾತ್ ಉಬ್ಬಸ ಹೆಚ್ಚಾದಾಗ ಇನ್ನೊಂದು ಮಾತ್ರೆ ನುಂಗುವುದು ಅತ್ಯಂತ ಅಪಾಯಕಾರಿ. ಇದು ತಕ್ಷಣ ಉಪಶಮನ ನೀಡುವ ಔಷಧವಲ್ಲ. ಅಂತಹ ಸಮಯದಲ್ಲಿ ಬಳಸಬೇಕಾದದ್ದು ವೈದ್ಯರು ಸೂಚಿಸಿರುವ ಸಾಲ್‌ಬ್ಯುಟಮಾಲ್‌ನಂತಹ ಇನ್‌ಹೇಲರ್. ಅದರಿಂದಲೂ ಉಸಿರು ಹತೋಟಿಗೆ ಬಾರದಿದ್ದರೆ 108 ಆಂಬುಲೆನ್ಸ್.

ಅಪಾಯದ ಲಕ್ಷಣಗಳು

ಆರಂಭದ ದಿನಗಳಲ್ಲಿ ಸ್ವಲ್ಪ ತಲೆನೋವು, ಹೊಟ್ಟೆ ತೊಳಸುವಿಕೆ, ನಿದ್ರೆ ಬಾರದಿರುವುದು ಕಂಡುಬಂದು ಕ್ರಮೇಣ ಕಡಿಮೆಯಾಗಬಹುದು. ಆದರೆ ಪದೇ ಪದೇ ವಾಂತಿ, ಕೈನಡುಕ, ಎದೆ ಡವಗುಟ್ಟುವುದು, ಕಳವಳ, ಗೊಂದಲ ಕಾಣಿಸಿದಲ್ಲಿ ಮುಂದಿನ ಮಾತ್ರೆಯನ್ನು ತಡೆಹಿಡಿದು ಕೂಡಲೇ ವೈದ್ಯರನ್ನು ಕಾಣಬೇಕು. ವಾಂತಿಯನ್ನು ಪಿತ್ತವೆಂದೋ ಗ್ಯಾಸ್ಟ್ರಿಕ್ ಎಂದೋ ಭಾವಿಸಿ, ಅದಕ್ಕೊಂದು ಮಾತ್ರೆ ಸೇರಿಸಿಕೊಂಡು ಥಿಯೋಫಿಲಿನ್ ಮುಂದುವರಿಸುವುದು ಸರಿಯಲ್ಲ. ಕೆಲವರಲ್ಲಿ ಇಂತಹ ಯಾವ ಮುನ್ಸೂಚನೆಯೂ ಇಲ್ಲದೆ ನೇರವಾಗಿ ಫಿಟ್ಸ್ ಅಥವಾ ಹೃದಯಬಡಿತದ ಗಂಭೀರ ಏರುಪೇರು ಸಂಭವಿಸಬಹುದು.

ಮಕ್ಕಳು ಆಕಸ್ಮಿಕವಾಗಿ ನುಂಗಿದಾಗ ಅಥವಾ ಯಾರಾದರೂ ಹೆಚ್ಚು ಮಾತ್ರೆ ಸೇವಿಸಿದಾಗ, ಸದ್ಯಕ್ಕೆ ಚೆನ್ನಾಗಿಯೇ ಇದ್ದಾರೆಂದು ಕಾಯಬಾರದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳ ವಿಷಪರಿಣಾಮವು ಹಲವು ಗಂಟೆಗಳ ನಂತರ ತೋರುತ್ತದೆ. ಖಾಲಿ ಪಟ್ಟಿಯೊಡನೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ.

ಆಸ್ಪತ್ರೆಗೆ ಬರುವಾಗ

ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಅಥವಾ ಔಷಧಕ್ಕೆ ಬರುವವರು ಹಿಂದಿನ ಚೀಟಿ, ಬಿಡುಗಡೆ ಪತ್ರ ಹಾಗೂ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಖಾಲಿಯಾಗಿದ್ದರೂ, ತಪ್ಪದೆ ತರಬೇಕೆಂದು ಕೋರಲಾಗಿದೆ. 'ಬಿಳಿ ಮಾತ್ರೆ', 'ದಮ್ಮಿನ ಮಾತ್ರೆ' ಎಂಬ ವಿವರಣೆಯಿಂದ ವೈದ್ಯರು ಏನನ್ನೂ ನಿರ್ಧರಿಸಲಾರರು. ಕೆಲಸಕ್ಕಾಗಿ ಊರಿಂದೂರಿಗೆ ಹೋಗುವವರು ಮಾತ್ರೆಯ ಹೆಸರು, ಮಿ.ಗ್ರಾಂ. ಪ್ರಮಾಣ ಮತ್ತು ವೇಳೆಯನ್ನು ಒಂದು ಚೀಟಿಯಲ್ಲಿ ಬರೆಸಿ ಸದಾ ಜೊತೆಯಲ್ಲಿಟ್ಟುಕೊಳ್ಳುವುದು ಒಳಿತು. ರಕ್ತದಲ್ಲಿನ ಥಿಯೋಫಿಲಿನ್ ಮಟ್ಟ ಅಳೆಯುವ ಪರೀಕ್ಷೆಯ ಸೌಲಭ್ಯ ಎಲ್ಲ ಪ್ರಯೋಗಾಲಯಗಳಲ್ಲಿ ಇರುವುದಿಲ್ಲ. ಅಂತಹ ಕಡೆ ರೋಗಿಯು ಹೇಳುವ ವಿವರಗಳೇ ವೈದ್ಯರಿಗೆ ಮುಖ್ಯ ಆಧಾರ. ಪರೀಕ್ಷೆಗೆ ಹೋಗುವವರು ಕೊನೆಯ ಮಾತ್ರೆ ಸೇವಿಸಿದ ವೇಳೆಯನ್ನು ಗುರುತು ಹಾಕಿಕೊಂಡಿರಬೇಕು.

ಈ ಔಷಧದಿಂದಾಗಲಿ ಬೇರಾವುದೇ ಔಷಧದಿಂದಾಗಲಿ ಅನಿರೀಕ್ಷಿತ ದುಷ್ಪರಿಣಾಮ ಉಂಟಾದಲ್ಲಿ, ಸಾರ್ವಜನಿಕರು ಭಾರತೀಯ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ವರದಿ ಮಾಡಬಹುದು. ವರದಿ ಮಾಡಲು ವೈದ್ಯರೇ ಆಗಿರಬೇಕೆಂಬ ನಿಯಮವಿಲ್ಲ.