‘ಯೆಹೂದ್ಯರಿಲ್ಲದ ನಗರ’: ಒಂದು ಮೂಕಚಿತ್ರದ ಸಾಕ್ಷ್ಯ

ಚಲಚ್ಚಿತ್ರವನ್ನು ಇತಿಹಾಸದ ಆಕರವೆಂದು ಸ್ವೀಕರಿಸುವುದಾದರೆ, ಓಲೆಗರಿಯ ಗ್ರಂಥಕ್ಕೆ ನಾವು ಅನ್ವಯಿಸುವ ನಿಯಮವನ್ನೇ ಅದಕ್ಕೂ ಅನ್ವಯಿಸಬೇಕಾಗುತ್ತದೆ. ತ್ರುಟಿತವಾದ ಪ್ರತಿಯೊಂದನ್ನೇ ನಂಬಿ ತೀರ್ಮಾನಕ್ಕೆ ಬರುವುದು ಯುಕ್ತವಲ್ಲ. ಹಾನ್ಸ್ ಕಾರ್ಲ್ ಬ್ರೆಸ್ಲಾವರ್ ನಿರ್ದೇಶಿಸಿ, 1924ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶಿತವಾದ ‘ಯೆಹೂದ್ಯರಿಲ್ಲದ ನಗರ’ವೆಂಬ ಮೂಕಚಿತ್ರ ಇದಕ್ಕೆ ನಿದರ್ಶನವಾಗಿದೆ.

ಹ್ಯೂಗೊ ಬೆಟ್ಟಾವರನು 1922ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದರ ಮೂಲ. ಮೊದಲನೆಯ ಮಹಾಯುದ್ಧದ ಸೋಲು, ಸಾಮ್ರಾಜ್ಯದ ವಿಘಟನೆ, ಹಣದುಬ್ಬರ ಇವುಗಳ ಹೊಣೆಯನ್ನೆಲ್ಲ ಯೆಹೂದ್ಯರ ಮೇಲೆ ಹೊರಿಸುವ ಪ್ರವೃತ್ತಿ ಅಂದಿನ ಆಸ್ಟ್ರಿಯದಲ್ಲಿ ಪ್ರಬಲವಾಗಿದ್ದಿತು. ಕಾದಂಬರಿಯ ವಿಯೆನ್ನಾ ಚಿತ್ರದಲ್ಲಿ ‘ಉಟೋಪಿಯ’ವಾಗುತ್ತದೆ. ಶಾಸನಸಭೆಯು ಯೆಹೂದ್ಯರನ್ನು ಹೊರಹಾಕುತ್ತದೆ. ಅವರನ್ನು ಹೊತ್ತ ರೈಲುಗಾಡಿಗಳು ಹೊರಡುತ್ತವೆ. ಬಳಿಕ ವಾಣಿಜ್ಯ ಕುಗ್ಗಿ, ನಾಣ್ಯದ ಬೆಲೆ ಕುಸಿದು, ಕಡೆಗೆ ಶಾಸನವೇ ರದ್ದಾಗುತ್ತದೆ.

1991ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ದೊರೆತ ಪ್ರತಿ ಅಪೂರ್ಣವಾಗಿದ್ದಿತು. 2015ರಲ್ಲಿ ಪ್ಯಾರಿಸಿನ ಹಳೆಯ ಸಾಮಾನುಗಳ ಸಂತೆಯೊಂದರಲ್ಲಿ ಮತ್ತೊಂದು ಪ್ರತಿ ದೊರೆಯಿತು. ಇವುಗಳ ಆಧಾರದಿಂದ ಆಸ್ಟ್ರಿಯದ ಚಲಚ್ಚಿತ್ರ ಭಂಡಾರವು ಪುನರುದ್ಧರಿಸಿದ ಚಿತ್ರ 2018ರಲ್ಲಿ ತೆರೆಕಂಡಿತು. ಹೊಸ ಪ್ರತಿಯಿಂದ ಲುಪ್ತವಾಗಿದ್ದ ಅಂತ್ಯಭಾಗವೂ, ಯೆಹೂದ್ಯರ ದೈನಂದಿನ ಜೀವನದ ದೃಶ್ಯಗಳೂ, ಅವರ ಮೇಲಿನ ದ್ವೇಷದ ಇನ್ನೂ ಸ್ಪಷ್ಟವಾದ ಚಿತ್ರಣವೂ ದೊರೆತವು. ಕೇವಲ ವಿಡಂಬನೆಯಂತೆ ತೋರುತ್ತಿದ್ದುದು ಈಗ ಆರೋಪಪತ್ರದಂತೆ ತೋರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಪ್ರದರ್ಶನದ ಸಮಯದಲ್ಲಿ ಸಭೆಯ ಮುಂದೆಯೇ ಕುಳಿತು ನುಡಿಸುವ ಪಿಯಾನೋ ವಾದಕನು ಮುಂದೆ ನಡೆದುದನ್ನೆಲ್ಲ ಬಲ್ಲವನು. ರೈಲುಗಾಡಿಗಳ ದೃಶ್ಯಕ್ಕೆ ಅವನು ಕೂಡಿಸುವ ಶೋಕಸ್ವರ ನಮ್ಮ ಕಾಲದ್ದೇ ಹೊರತು 1924ರ ಸಾಕ್ಷ್ಯವಲ್ಲ. ಎರಡನೆಯದಾಗಿ, ಈ ಚಿತ್ರವನ್ನು ಭವಿಷ್ಯವಾಣಿಯೆಂದು ಕೊಂಡಾಡುವುದೂ ಸರಿಯಲ್ಲ. ಬಹಿಷ್ಕಾರದ ಮಾತು ಆಗಲೇ ಬೀದಿಯಲ್ಲಿದ್ದಿತು. ಬೆಟ್ಟಾವರನು ಅದನ್ನು ಕೇಳಿ ಬರೆದನು. 1925ರ ಮಾರ್ಚ್ 10ರಂದು ಅವನ ಮೇಲೆ ಗುಂಡು ಹಾರಿತು. 26ರಂದು ಅವನು ತೀರಿಕೊಂಡನು. ಹಂತಕನು 1927ರಲ್ಲಿಯೇ ಬಿಡುಗಡೆ ಹೊಂದಿದನು.

ಚಿತ್ರದ ದೌರ್ಬಲ್ಯವೂ ಬೋಧಪ್ರದವೇ ಆಗಿದೆ. ಯೆಹೂದ್ಯರನ್ನು ಮರಳಿ ಕರೆಯುವುದು ಅವರಿಲ್ಲದೆ ವ್ಯಾಪಾರ ನಡೆಯದೆಂಬ ಕಾರಣಕ್ಕೇ ಹೊರತು, ಅವರೂ ಆ ನಾಡಿನ ಪ್ರಜೆಗಳೆಂಬ ಕಾರಣಕ್ಕಲ್ಲ. ಉಪಯುಕ್ತತೆಯ ಮೇಲೆ ನಿಂತ ಹಕ್ಕು ಹಕ್ಕೆನಿಸದು. ದ್ವೇಷವು ನಷ್ಟವನ್ನು ಲೆಕ್ಕಹಾಕಿ ಹಿಂದೆ ಸರಿಯುವುದೆಂಬ ಚಿತ್ರದ ನಂಬಿಕೆಯೂ ಉಳಿಯಲಿಲ್ಲ. 1938ರ ಮಾರ್ಚಿನಲ್ಲಿ ಆಸ್ಟ್ರಿಯವು ಹಿಟ್ಲರನ ವಶವಾಯಿತು. ಅಲ್ಲಿನ ಸುಮಾರು 65,000 ಯೆಹೂದ್ಯರು ಮುಂದೆ ಹತರಾದರು. ಚಿತ್ರದಲ್ಲಿ ಹೊರಟವರು ಹಿಂದಿರುಗುತ್ತಾರೆ, ಇತಿಹಾಸದಲ್ಲಿ ಹಾಗಾಗಲಿಲ್ಲ.